ಕೊಳಗದಿಂದ ಕಾನೂನಿನವರೆಗೆ: ಶಾಂತವೇರಿ ಗೋಪಾಲಗೌಡ

ಶಿವಮೊಗ್ಗ ನಗರದಲ್ಲಿ ಗೋಪಾಲಗೌಡ ಬಡಾವಣೆ ಎಂಬುದೊಂದಿದೆ. ಬೆಂಗಳೂರಿನಲ್ಲಿ ವಿಧಾನಸೌಧದ ಸಮೀಪದಲ್ಲಿ ಗೋಪಾಲಗೌಡ ವೃತ್ತವಿದೆ. ಬಸ್ಸಿನ ಬೋರ್ಡಿನ ಮೇಲೆ, ಕಾಗದದ ವಿಳಾಸದಲ್ಲಿ ಈ ಹೆಸರನ್ನು ನೀವು ಎಷ್ಟೋ ಸಲ ಓದಿರುತ್ತೀರಿ. ಆದರೆ ನಮ್ಮ ರಾಜ್ಯದ ಮುಖ್ಯಮಂತ್ರಿಗಳ ಪಟ್ಟಿಯಲ್ಲಿ ಹುಡುಕಿದರೆ ಈ ಹೆಸರು ಸಿಗುವುದಿಲ್ಲ. ಮಂತ್ರಿಗಳ ಪಟ್ಟಿಯಲ್ಲೂ ಸಿಗುವುದಿಲ್ಲ. ಮೂರು ಬಾರಿ ಶಾಸಕರಾಗಿ, ಮೂರು ಬಾರಿಯೂ ವಿರೋಧ ಪಕ್ಷದ ಬೆಂಚಿನಲ್ಲೇ ಕುಳಿತು, 49ನೆಯ ವಯಸ್ಸಿನಲ್ಲಿ ತೀರಿಕೊಂಡವರು ಶಾಂತವೇರಿ ಗೋಪಾಲಗೌಡರು. ಅಧಿಕಾರವನ್ನೇ ಕಾಣದ ಒಬ್ಬ ರಾಜಕಾರಣಿ ಏನನ್ನು ಸಾಧಿಸಬಲ್ಲ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಅವರ ಬದುಕನ್ನು ಈ ಹೊತ್ತು ನೋಡೋಣ.

ಮೊದಲು ಬೇರೊಂದು ದೇಶದ ಒಬ್ಬ ನಾಯಕನನ್ನು ಪರಿಚಯ ಮಾಡಿಕೊಳ್ಳೋಣ. ಹೋಲಿಸಿ ನೋಡಿದಾಗ ನಮ್ಮವರ ಕೆಲಸ ಇನ್ನಷ್ಟು ಸ್ಪಷ್ಟವಾಗುತ್ತದೆ. ಯೂರೋಪಿನ ಉತ್ತರದ ಅಂಚಿನಲ್ಲಿ ನಾರ್ವೆ ಎಂಬ ದೇಶವಿದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಅದನ್ನು ಆಕ್ರಮಿಸಿಕೊಂಡಿದ್ದರು. ಯುದ್ಧ ಮುಗಿದ 1945ರಲ್ಲಿ ಅಲ್ಲಿ ಪ್ರಧಾನಿಯಾದವರು ಐನಾರ್ ಗೆರ್ಹಾರ್ಡ್‌ಸೆನ್. ತರುಣನಾಗಿದ್ದಾಗ ರಸ್ತೆ ಕೆಲಸದ ಕೂಲಿ ಮಾಡಿದವರು. ಯುದ್ಧಕಾಲದಲ್ಲಿ ನಾಜಿಗಳ ಸೆರೆಶಿಬಿರದಲ್ಲಿ ಇದ್ದು ಬಂದವರು. ಅವರದೂ ಸಮಾಜವಾದಿ ಧೋರಣೆಯ ಪಕ್ಷವೇ, ಹೆಸರು ಲೇಬರ್ ಪಕ್ಷ. ಆ ವರ್ಷದ ಚುನಾವಣೆಯಲ್ಲಿ 150 ಸ್ಥಾನಗಳ ಸಂಸತ್ತಿನಲ್ಲಿ ಆ ಪಕ್ಷಕ್ಕೆ 76 ಸ್ಥಾನಗಳು ಬಂದವು. ಕೂದಲೆಳೆಯ ಬಹುಮತ. ಅಷ್ಟರಿಂದಲೇ ಅವರು ಮನೆ ಕಟ್ಟಿಕೊಳ್ಳುವವರಿಗೆ ಸಾಲ ಕೊಡುವ ಸರ್ಕಾರಿ ಬ್ಯಾಂಕನ್ನು 1946ರಲ್ಲಿ ತಂದರು. ಮಕ್ಕಳಿರುವ ಸಂಸಾರಗಳಿಗೆ ಭತ್ಯೆ ತಂದರು. 1947ರಲ್ಲಿ ವಿದ್ಯಾರ್ಥಿಗಳ ಸಾಲನಿಧಿಯನ್ನು ಸ್ಥಾಪಿಸಿದರು. ನಡುನಡುವೆ ಬಿಡುವು ಬಂದರೂ ಎಲ್ಲ ಸೇರಿ ಸುಮಾರು 17 ವರ್ಷ ಪ್ರಧಾನಿಯಾಗಿದ್ದರು. ನಾಡಿನ ತಂದೆ ಎಂದೇ ಅಲ್ಲಿನ ಜನ ಅವರನ್ನು ಕರೆದರು.

ಗೆರ್ಹಾರ್ಡ್‌ಸೆನ್ನರಿಗೆ ಬೊಕ್ಕಸವಿತ್ತು, ಇಲಾಖೆಗಳಿದ್ದವು, ಸಂಸತ್ತಿನಲ್ಲಿ ಕೈಯೆತ್ತುವ 76 ಮಂದಿ ಇದ್ದರು. ಅದೇ ಕಾಲದಲ್ಲಿ, ಅದೇ ಸಮಾಜವಾದದ ಹೆಸರಿನಲ್ಲಿ ರಾಜಕೀಯಕ್ಕೆ ಇಳಿದ ನಮ್ಮ ಮಲೆನಾಡಿನ ಯುವಕನಿಗೆ ಇವುಗಳಲ್ಲಿ ಒಂದೂ ಇರಲಿಲ್ಲ.

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ಭದ್ರಾವತಿಯ ವಿದ್ಯಾರ್ಥಿಗಳಿಗೆ 1923 ಎಂದೊಡನೆ ಇನ್ನೊಂದು ಸಂಗತಿ ನೆನಪಾಗಬೇಕು. ಆ ವರ್ಷದ ಆರಂಭದಲ್ಲಿಯೇ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆಗೆ ಬೆಂಕಿ ಬಿದ್ದಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು ಸೇರಿ ಅಲ್ಲಿ ಬೀಡುಕಬ್ಬಿಣ ಹರಿಯತೊಡಗಿತು. ಮುಂದೆ 1930ರ ದಶಕದಲ್ಲಿ ಕಾಗದದ ಕಾರ್ಖಾನೆಯೂ ಬಂತು. ಸರ್ ಎಂ. ವಿಶ್ವೇಶ್ವರಯ್ಯನವರು ಕನಸಿದ ಹೊಸ ಮೈಸೂರು ಭದ್ರಾ ನದಿಯ ದಡದಲ್ಲಿ ಹೊಗೆಯಾಡುತ್ತಿತ್ತು.

ಆದರೆ ಅಲ್ಲಿಂದ ಪಶ್ಚಿಮಕ್ಕೆ ಶಿವಮೊಗ್ಗವನ್ನು ದಾಟಿ, ಸುಮಾರು 90 ಕಿಲೋಮೀಟರ್ ದೂರದ ಸಾಗರದ ಕಡೆಗೆ ಹೋದರೆ ಕಾಣುತ್ತಿದ್ದ ಲೋಕವೇ ಬೇರೆ. ಕಾರ್ಖಾನೆಯ ಕೆಲಸಗಾರನಿಗೆ ದುಡಿಮೆಗೊಂದು ಹೊತ್ತು ಗೊತ್ತು ಇತ್ತು, ಸಂಬಳದ ಲೆಕ್ಕವಿತ್ತು, ಹೆಸರು ಬರೆದ ಪುಸ್ತಕವಿತ್ತು. ಗದ್ದೆಯ ಗೇಣಿದಾರನಿಗೆ ಇವು ಯಾವುವೂ ಇರಲಿಲ್ಲ. ತಲೆಮಾರುಗಳಿಂದ ಒಂದೇ ಗದ್ದೆಯನ್ನು ಉತ್ತು ಬಿತ್ತಿದ್ದರೂ ಅದಕ್ಕೆ ಸಾಕ್ಷಿಯಾಗಿ ಒಂದು ಚೂರು ಕಾಗದ ಎಷ್ಟೋ ಮನೆಗಳಲ್ಲಿ ಇರಲಿಲ್ಲ. ಎಲ್ಲವೂ ಬಾಯಿಮಾತಿನ ಗೇಣಿ. ಒಡೆಯರು ಏಳು ಎಂದರೆ ಏಳಬೇಕು. ಗೇಣಿಯ ಜೊತೆಗೆ ಒಡೆಯರ ಮನೆಯ ಬಿಟ್ಟಿ ಚಾಕರಿ ಬೇರೆ. ಒಂದೇ ಜಿಲ್ಲೆಯಲ್ಲಿ ಎರಡು ಕಾಲಗಳು ಅಕ್ಕಪಕ್ಕದಲ್ಲಿ ಬದುಕುತ್ತಿದ್ದವು ಎಂದು ಹೇಳಬಹುದು.

ಗೋಪಾಲಗೌಡರು ಬೆಳೆದ ಕಾಲವೂ ಸಾಮಾನ್ಯವಾದುದಲ್ಲ. 1942ರಲ್ಲಿ ಗಾಂಧೀಜಿಯವರು ಕ್ವಿಟ್ ಇಂಡಿಯಾ ಚಳವಳಿಗೆ ಕರೆ ಕೊಟ್ಟರು. ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನನ್ನು ತಾನೇ ಸ್ವತಂತ್ರವೆಂದು ಘೋಷಿಸಿಕೊಂಡಿತು. ಅದರ ಬೆಲೆಯಾಗಿ 1943ರ ಮಾರ್ಚಿನಲ್ಲಿ ಆ ಊರಿನ ಐವರು ನೇಣಿಗೇರಿದರು. ವಿದ್ಯಾರ್ಥಿಯಾಗಿದ್ದ ಗೋಪಾಲಗೌಡರು ಇದೇ ಚಳವಳಿಯಲ್ಲಿ ಸೆರೆಮನೆ ಕಂಡರು. ಸ್ವಾತಂತ್ರ್ಯ ಬಂದ ಮೇಲೆ ಹಲವರು ಸೆರೆಮನೆಯಿಂದ ನೇರವಾಗಿ ಅಧಿಕಾರದ ಕಡೆಗೆ ನಡೆದರು. ಅದು ತಪ್ಪೆಂದು ಹೇಳಲಾಗದು. ದೇಶವನ್ನು ಯಾರಾದರೂ ನಡೆಸಬೇಕಷ್ಟೆ. ಆದರೆ ಗೋಪಾಲಗೌಡರು ಜಯಪ್ರಕಾಶ ನಾರಾಯಣ ಮತ್ತು ರಾಮಮನೋಹರ ಲೋಹಿಯಾ ಅವರ ಸಮಾಜವಾದಿ ಪಕ್ಷವನ್ನು ಆರಿಸಿಕೊಂಡರು. ಆ ಪಕ್ಷ 1948ರಲ್ಲಿ ಕಾಂಗ್ರೆಸ್ಸಿನಿಂದ ಹೊರಬಂದಿತ್ತು. ಧ್ವಜ ಬದಲಾಯಿತು, ಗದ್ದೆಯಲ್ಲಿ ಬದಲಾದದ್ದೇನು ಎಂಬುದು ಆ ಪಕ್ಷದವರು ಕೇಳುತ್ತಿದ್ದ ಪ್ರಶ್ನೆ.

ಆ ಪ್ರಶ್ನೆಗೆ ಒಂದು ಊರಿನ ಹೆಸರು ಬಂದದ್ದು 1951ರಲ್ಲಿ. ಸಾಗರದ ಸಮೀಪದ ಕಾಗೋಡು ಆ ಊರು. ಅಲ್ಲಿನ ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಶಾಲಾ ಶಿಕ್ಷಕರಾಗಿದ್ದ ಎಚ್. ಗಣಪತಿಯಪ್ಪನವರು ಈ ಜನರನ್ನು ಸೇರಿಸಿ ಸಾಗರ ತಾಲ್ಲೂಕಿನಲ್ಲಿ ರೈತ ಸಂಘವನ್ನು ಕಟ್ಟಿದ್ದರು. ಜಗಳ ಕಿಡಿಹೊತ್ತಿದ್ದು ಒಂದು ಕೊಳಗದ ವಿಷಯದಲ್ಲಿ.

ಕೊಳಗವೆಂದರೆ ಭತ್ತ ಅಳೆಯುವ ಪಾತ್ರೆ. ಇಂದಿನ ವಿದ್ಯಾರ್ಥಿಗಳಲ್ಲಿ ಹಲವರು ಅದನ್ನು ಕಂಡಿರಲಾರರು. ಗೇಣಿಯನ್ನು ಹಣದಲ್ಲಿ ಅಲ್ಲ, ಭತ್ತದಲ್ಲಿ ಕೊಡುತ್ತಿದ್ದ ಕಾಲ ಅದು. ಇಷ್ಟು ಕೊಳಗ ಎಂದು ಗೇಣಿ ಗೊತ್ತಾದ ಮೇಲೆ ಆ ಕೊಳಗದ ಗಾತ್ರ ಎಷ್ಟು ಎಂಬುದು ಬದುಕಿನ ಪ್ರಶ್ನೆಯಾಗುತ್ತದೆ. ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳೋಣ: ಒಬ್ಬನ ಗೇಣಿ 40 ಕೊಳಗ. ಕೊಳಗದಲ್ಲಿ ಅರ್ಧ ಸೇರು ಹೆಚ್ಚು ಹಿಡಿದರೂ ಪ್ರತಿ ವರ್ಷ 20 ಸೇರು ಭತ್ತ ಲೆಕ್ಕಕ್ಕೆ ಸಿಗದೆ ಒಡೆಯರ ಕಣಜಕ್ಕೆ ಹೋಯಿತು. ಮಾತಿನಲ್ಲಿ ಗೇಣಿ ಹೆಚ್ಚಾಗಲಿಲ್ಲ. ಪಾತ್ರೆ ಮಾತ್ರ ದೊಡ್ಡದಾಯಿತು. ಅಳತೆ ಸರಿಯಿರಲಿ, ನ್ಯಾಯವಾದ ಕೊಳಗದಲ್ಲಿ ಅಳೆಯಿರಿ ಎಂದು ಗೇಣಿದಾರರು ಕೇಳಿದರು. ಕೇಳಿದವರನ್ನು ಜಮೀನಿನಿಂದ ಬಿಡಿಸುವ ಪ್ರಯತ್ನ ನಡೆಯಿತು.

1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭವಾಯಿತು. ಗೇಣಿದಾರರು ನೇಗಿಲು ಹೊತ್ತು ತಾವು ಉಳುತ್ತಿದ್ದ ಗದ್ದೆಗೆ ಇಳಿಯುವುದು, ಪೊಲೀಸರು ಬಂದು ಹಿಡಿದುಕೊಂಡು ಹೋಗುವುದು, ಮತ್ತೆ ಇನ್ನೊಂದು ತಂಡ ಇಳಿಯುವುದು. ಹೆಂಗಸರೂ ಹಿಂದೆ ಉಳಿಯಲಿಲ್ಲ. ಸಮಾಜವಾದಿ ಪಕ್ಷ ಹೋರಾಟವನ್ನು ತನ್ನದಾಗಿ ಮಾಡಿಕೊಂಡಿತು. ಗೋಪಾಲಗೌಡರು ಅದರ ಮುಂಚೂಣಿಗೆ ಬಂದರು. ಜೂನ್ ತಿಂಗಳಲ್ಲಿ ಲೋಹಿಯಾ ಅವರೇ ಕಾಗೋಡಿಗೆ ಬಂದು ಬಂಧನಕ್ಕೆ ಒಳಗಾದರು. ಮಲೆನಾಡಿನ ಒಂದು ಪುಟ್ಟ ಹಳ್ಳಿಯ ಹೆಸರು ದೇಶಕ್ಕೆಲ್ಲ ಕೇಳಿಸಿತು.

ಇಲ್ಲಿ ಒಂದು ಅಂಶವನ್ನು ನೀವು ಗಮನಿಸಬೇಕು. ಗೋಪಾಲಗೌಡರು ಒಕ್ಕಲಿಗರು; ಕಾಗೋಡಿನ ಗೇಣಿದಾರರು ದೀವರು. ಜಾತಿಯ ಲೆಕ್ಕದಲ್ಲಿ ನೋಡಿದರೆ ಅದು ಅವರ ಜಗಳವಲ್ಲ, ಅವರ ಊರೂ ಅಲ್ಲ. ತನ್ನವರಿಗಾಗಿ ನಿಲ್ಲುವವರು ಎಲ್ಲ ಕಾಲದಲ್ಲೂ ಸಿಗುತ್ತಾರೆ. ಅನ್ಯಾಯವಾದ ಕಡೆಯಲ್ಲಿ ಇರುವವರೇ ನನ್ನವರು ಎಂದು ನಿಲ್ಲುವವರು ಕಡಿಮೆ.

ಸತ್ಯಾಗ್ರಹ ಗೆದ್ದಿತೇ? ಪ್ರಾಮಾಣಿಕವಾಗಿ ಉತ್ತರಿಸುವುದಾದರೆ, ಆ ವರ್ಷ ಗೆಲ್ಲಲಿಲ್ಲ. ಸೆರೆಮನೆಯಿಂದ ಬಂದ ಗೇಣಿದಾರನಿಗೆ ಗದ್ದೆ ಸಿಕ್ಕಿರಲಿಲ್ಲ. ಆದರೆ ಗೇಣಿಯೆಂಬುದು ಒಡೆಯ ಒಕ್ಕಲುಗಳ ನಡುವಿನ ಮನೆಮಾತಾಗಿ ಉಳಿಯಲಿಲ್ಲ. ಅದು ಸಾರ್ವಜನಿಕ ಪ್ರಶ್ನೆಯಾಯಿತು. ಆ ಪ್ರಶ್ನೆಯನ್ನು ಮುಂದಿನ ಮೆಟ್ಟಿಲಿಗೆ ಒಯ್ಯುವ ಅವಕಾಶ ಮರುವರ್ಷವೇ ಬಂತು.

1952ರ ಮೊದಲ ಮಹಾಚುನಾವಣೆಯಲ್ಲಿ ಗೋಪಾಲಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ಸಮಾಜವಾದಿ ಪಕ್ಷದ ಅಭ್ಯರ್ಥಿಯಾಗಿ ನಿಂತರು. ಕೈಯಲ್ಲಿ ದುಡ್ಡಿಲ್ಲ. ‘ಒಂದು ವೋಟು, ಒಂದು ನೋಟು’ ಎಂದು ಜನರನ್ನು ಕೇಳಿದರೆಂದು ಮಲೆನಾಡಿನಲ್ಲಿ ಇಂದಿಗೂ ನೆನೆಯುತ್ತಾರೆ. ಮತದಾರನೇ ಮತವನ್ನೂ ಕೊಟ್ಟು, ಖರ್ಚಿಗೆ ಒಂದು ರೂಪಾಯಿಯನ್ನೂ ಕೊಡಬೇಕು. ಹಣ ಕೊಟ್ಟು ಮತ ಪಡೆದವನಿಗೆ ಆಮೇಲೆ ಯಾರಿಗೂ ಉತ್ತರ ಹೇಳುವ ಹಂಗಿಲ್ಲ; ಜನರಿಂದಲೇ ಒಂದು ರೂಪಾಯಿ ಪಡೆದವನಿಗೆ ಆ ರೂಪಾಯಿಯ ಲೆಕ್ಕ ಒಪ್ಪಿಸುವ ಹೊಣೆಯಿದೆ. ಗೋಪಾಲಗೌಡರು ಗೆದ್ದರು. ಆಗ ಅವರಿಗೆ 29 ವರ್ಷ ಹತ್ತಿರ.

ಮೈಸೂರು ವಿಧಾನಸಭೆಯಲ್ಲಿ ಆಗ ಇದ್ದ ಸದಸ್ಯರು 99 ಮಂದಿ. ಅದರಲ್ಲಿ ಸಮಾಜವಾದಿಗಳನ್ನು ಕೈಬೆರಳಲ್ಲಿ ಎಣಿಸಬಹುದಿತ್ತು. ಮತಕ್ಕೆ ಹಾಕಿದರೆ ಸೋಲು ಖಚಿತ. ಹಾಗಿದ್ದ ಮೇಲೆ ಅಲ್ಲಿ ಕುಳಿತು ಮಾಡುವುದೇನು?

ಮತ್ತೊಮ್ಮೆ ನಾರ್ವೆಯ ಕಡೆ ನೋಡಿ. 1962ರಲ್ಲಿ ಅಲ್ಲಿನ ಸರ್ಕಾರಕ್ಕೆ ಸೇರಿದ ಒಂದು ಕಲ್ಲಿದ್ದಲ ಗಣಿಯಲ್ಲಿ ಸ್ಫೋಟವಾಗಿ 21 ಜನ ಕಾರ್ಮಿಕರು ಸತ್ತರು. ಸುರಕ್ಷತೆಯ ಬಗ್ಗೆ ಸಂಸತ್ತಿನಲ್ಲಿ ಪ್ರಶ್ನೆ ಎದ್ದಿತು. ಆ ಹೊತ್ತಿಗೆ ಗೆರ್ಹಾರ್ಡ್‌ಸೆನ್ನರ ಪಕ್ಷಕ್ಕೆ ಬಹುಮತ ತಪ್ಪಿತ್ತು. ಇನ್ನೊಂದು ಪುಟ್ಟ ಎಡಪಕ್ಷದ ಇಬ್ಬರೇ ಇಬ್ಬರು ಸದಸ್ಯರು ವಿರೋಧಿಗಳೊಡನೆ ಮತ ಹಾಕಿದರು. 1963ರ ಆಗಸ್ಟಿನಲ್ಲಿ ನಾಡಿನ ತಂದೆಯ ಸರ್ಕಾರವೇ ಉರುಳಿತು. ಕೆಲವೇ ವಾರಗಳಲ್ಲಿ ಅವರು ಮರಳಿ ಬಂದರು, ನಿಜ. ಆದರೂ ಗಣಿಯೊಳಗೆ ಸತ್ತ 21 ಮಂದಿಯ ಲೆಕ್ಕವನ್ನು ಸದನದಲ್ಲಿ ಕೇಳಲಾಯಿತು. ಪ್ರಜಾಪ್ರಭುತ್ವದಲ್ಲಿ ಪ್ರಶ್ನೆ ಕೇಳುವುದೂ ಒಂದು ಅಧಿಕಾರವೇ.

ನಮ್ಮ ಸದನದಲ್ಲಿ ಸರ್ಕಾರ ಉರುಳಿಸುವ ಸಂಖ್ಯೆ ಗೋಪಾಲಗೌಡರ ಹಿಂದೆ ಎಂದೂ ಇರಲಿಲ್ಲ. ಅವರು ಪ್ರಶ್ನೆಯ ಅಧಿಕಾರವನ್ನು ಪೂರ್ತಿಯಾಗಿ ಬಳಸಿದರು. ಉಳುವವನಿಗೆ ಭೂಮಿ ಎಂಬ ಮಾತನ್ನು ಬಿಡದೆ ಎತ್ತಿದರು. ಸದನದ ವ್ಯವಹಾರ, ಸರ್ಕಾರದ ಕಾಗದಪತ್ರ ಕನ್ನಡದಲ್ಲಿ ಇರಬೇಕೆಂದು ಹಟ ಹಿಡಿದರು. ಅದರ ಹಿಂದಿನ ತರ್ಕ ಸರಳವಾದದ್ದು: ಗೇಣಿದಾರನ ಹಣೆಬರಹವನ್ನು ನಿರ್ಧರಿಸುವ ಕಾಗದ ಅವನಿಗೆ ತಿಳಿಯದ ಭಾಷೆಯಲ್ಲಿದ್ದರೆ ಆ ಕಾನೂನು ಅವನದಾಗುವುದು ಹೇಗೆ? ಕರ್ನಾಟಕದ ಏಕೀಕರಣದ ವಿಷಯ ಬಂದಾಗ ಹಳೆಯ ಮೈಸೂರಿನ ಅನೇಕ ನಾಯಕರು ಹಿಂದೆ ಮುಂದೆ ನೋಡಿದರು. ಗೋಪಾಲಗೌಡರು ಹಳೆಯ ಮೈಸೂರಿನವರಾಗಿದ್ದೂ ಏಕೀಕರಣದ ಪರವಾಗಿ ನಿಂತರು. ಒಂದಾದ ರಾಜ್ಯಕ್ಕೆ ಕರ್ನಾಟಕವೆಂದೇ ಹೆಸರಿಡಬೇಕೆಂದರು. 1956ರ ನವೆಂಬರ್ 1ರಂದು ರಾಜ್ಯ ಒಂದಾಯಿತು. ಹೆಸರು ಮಾತ್ರ ಮೈಸೂರು ಎಂದೇ ಉಳಿಯಿತು.

1957ರ ಚುನಾವಣೆಯಲ್ಲಿ ಅವರು ಸೋತರು. 1962ರಲ್ಲಿ ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಈ ನಡುವೆ ಸಮಾಜವಾದಿ ಪಕ್ಷ ಒಡೆಯಿತು, ಕೂಡಿತು, ಮತ್ತೆ ಒಡೆಯಿತು. ಹೆಸರುಗಳು ಬದಲಾದವು. ಇದು ಆ ಪಕ್ಷದ ದೊಡ್ಡ ದೌರ್ಬಲ್ಯ. ನಾರ್ವೆಯ ಲೇಬರ್ ಪಕ್ಷ ಗಟ್ಟಿಯಾದ ಸಂಘಟನೆಯ ಬಲದಿಂದ ದೇಶವನ್ನು ಆಳಿದರೆ, ನಮ್ಮ ಸಮಾಜವಾದಿಗಳು ಪ್ರತಿಭೆಯನ್ನು ಸೇರಿಸಿದಷ್ಟು ಸುಲಭವಾಗಿ ಪಕ್ಷವನ್ನು ಕಟ್ಟಲಿಲ್ಲ.

ಪ್ರತಿಭೆ ಮಾತ್ರ ಧಾರಾಳವಾಗಿತ್ತು. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಆಯ್ಕೆಯಾಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿದ ಜೆ.ಎಚ್. ಪಟೇಲರು, ಅದೇ ವರ್ಷ ಸೊರಬದಿಂದ ವಿಧಾನಸಭೆಗೆ ಬಂದ ಎಸ್. ಬಂಗಾರಪ್ಪನವರು, ಗೌಡರ ಬಳಿಕ 1972ರಲ್ಲಿ ತೀರ್ಥಹಳ್ಳಿಯಿಂದ ಗೆದ್ದ ಕೋಣಂದೂರು ಲಿಂಗಪ್ಪನವರು, ಇವರೆಲ್ಲ ಅದೇ ಸಮಾಜವಾದಿ ಗರಡಿಯವರು. ಮೊದಲಿನ ಇಬ್ಬರು ಮುಂದೆ ಮುಖ್ಯಮಂತ್ರಿಗಳೂ ಆದರು. ಸಾಹಿತಿಗಳೊಡನೆಯೂ ಗೋಪಾಲಗೌಡರಿಗೆ ಆಳವಾದ ಒಡನಾಟವಿತ್ತು. ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯ ನಾಯಕನಿಗೆ ಗೋಪಾಲಗೌಡರ ಬದುಕೇ ಪ್ರೇರಣೆ. 1978ರಲ್ಲಿ ಬಂದ ಆ ಕೃತಿ ಮುಂದೆ ಚಲನಚಿತ್ರವೂ ಆಯಿತು. ವಿದ್ಯಾರ್ಥಿಗಳು ಅದನ್ನು ಓದಬೇಕು. ಆದರೆ ಕಾದಂಬರಿಯನ್ನು ಜೀವನಚರಿತ್ರೆಯೆಂದು ತಿಳಿಯಬಾರದು. ಕಾದಂಬರಿಕಾರನ ಸ್ವಾತಂತ್ರ್ಯ ಬೇರೆ, ಚರಿತ್ರೆಯ ಕರಾರು ಬೇರೆ.

ಕೊನೆಯ ವರ್ಷಗಳಲ್ಲಿ ಕಾಯಿಲೆ ಅವರನ್ನು ಹಿಡಿದು ಮಲಗಿಸಿತು. 1972ರ ಮಾರ್ಚಿನಲ್ಲಿ ಡಿ. ದೇವರಾಜ ಅರಸರು ಮುಖ್ಯಮಂತ್ರಿಯಾದರು. ಜೂನ್ 9ರಂದು ಗೋಪಾಲಗೌಡರು ಕಣ್ಣುಮುಚ್ಚಿದರು. ಅವರು ತಮಗಾಗಿ ಆಸ್ತಿ ಮಾಡಿಕೊಳ್ಳಲಿಲ್ಲ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದನ್ನು ನೋಡಲು ಅವರು ಇರಲಿಲ್ಲ.

ಗೇಣಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ಅವರು ಹೋದ ಮೇಲೆಯೇ. ಈ ಉತ್ತರ ಒಂದೇ ದಿನ ಬಂದದ್ದಲ್ಲ, ಒಬ್ಬರಿಂದಲೂ ಬಂದದ್ದಲ್ಲ. ತೀರ್ಥಹಳ್ಳಿ ಸೀಮೆಯವರೇ ಆದ ಕಡಿದಾಳು ಮಂಜಪ್ಪನವರು ಕಾಂಗ್ರೆಸ್ ಸರ್ಕಾರದ ಕಂದಾಯ ಮಂತ್ರಿಯಾಗಿ ದುಡಿದರು. ಗೇಣಿಗೆ ಮಿತಿ ಹಾಕುವ ಕಾಯಿದೆ 1952ರಲ್ಲಿಯೇ ಬಂತು. 1961ರ ಭೂಸುಧಾರಣಾ ಕಾಯಿದೆ 1965ರಲ್ಲಿ ಜಾರಿಗೆ ಬಂತು. ಆದರೆ ಸ್ವಂತ ಸಾಗುವಳಿ ಮಾಡುತ್ತೇನೆ ಎಂದು ಹೇಳಿ ಭೂಮಾಲೀಕ ಗೇಣಿದಾರನನ್ನು ಬಿಡಿಸಲು ಅದರಲ್ಲಿ ಕಿಂಡಿಯಿತ್ತು. ಅರಸರ ಸರ್ಕಾರ ತಂದ ತಿದ್ದುಪಡಿ ಆ ಕಿಂಡಿಯನ್ನು ಬಹುಮಟ್ಟಿಗೆ ಮುಚ್ಚಿತು. 1974ರ ಮಾರ್ಚ್ 1ರಂದು ಗೇಣಿಯ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು ಅರ್ಜಿ ಹಾಕಿ ಅದನ್ನು ತನ್ನದಾಗಿಸಿಕೊಳ್ಳಬಹುದಾಯಿತು.

ಆ ಕಾನೂನು ಕೆಲಸ ಮಾಡಿದ ಬಗೆಯನ್ನು ತಿಳಿದರೆ ಕಾಗೋಡಿಗೂ ಅದಕ್ಕೂ ಇರುವ ಸಂಬಂಧ ತಿಳಿಯುತ್ತದೆ. ಗೇಣಿದಾರ ‘ನಮೂನೆ 7’ ಎಂಬ ಅರ್ಜಿಯನ್ನು ಭೂನ್ಯಾಯಮಂಡಳಿಗೆ ಕೊಡಬೇಕು. ಹಳ್ಳಿಗಳಲ್ಲಿ ಇದಕ್ಕೆ ಡಿಕ್ಲರೇಷನ್ ಹಾಕುವುದು ಎಂದೇ ಹೆಸರು. ಮಂಡಳಿಯಲ್ಲಿ ಅಧಿಕಾರಿಯ ಜೊತೆಗೆ ಸರ್ಕಾರ ನೇಮಿಸಿದ ಜನಪ್ರತಿನಿಧಿಗಳೂ ಕುಳಿತರು. ವಕೀಲರಿಗೆ ಅಲ್ಲಿ ಅವಕಾಶವಿರಲಿಲ್ಲ. ಕಾಗದವಿಲ್ಲದಿದ್ದರೆ ಊರಿನವರ ಸಾಕ್ಷಿಯನ್ನು ಕೇಳಿದರು. ಬಾಯಿಮಾತಿನ ಗೇಣಿಯೆಂಬ ಕಾರಣಕ್ಕೆ ಒಕ್ಕಲೆಬ್ಬಿಸಿಕೊಳ್ಳುತ್ತಿದ್ದವನ ಬಾಯಿಮಾತಿಗೆ ಕಾನೂನಿನ ಬೆಲೆ ಬಂತು. ರಾಜ್ಯದಲ್ಲಿ 8 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು.

ಈ ಕಾನೂನಿಗೂ ಕೊರತೆಗಳಿದ್ದವು. ಗೇಣಿದಾರನಿಗೆ ಭೂಮಿ ಸಿಕ್ಕಿತು. ಗೇಣಿದಾರನ ಗದ್ದೆಯಲ್ಲಿ ದಿನಗೂಲಿ ಮಾಡುತ್ತಿದ್ದವನಿಗೆ ಹೆಚ್ಚೇನೂ ಸಿಗಲಿಲ್ಲ. ಒಬ್ಬಿಬ್ಬರು ಗೇಣಿದಾರರ ದುಡಿಮೆಯನ್ನೇ ನಂಬಿದ್ದ ಸಣ್ಣ ಹಿಡುವಳಿಯ ವಿಧವೆಯರು, ಬಡ ಭೂಮಾಲೀಕರು ಕಷ್ಟಕ್ಕೆ ಸಿಕ್ಕಿದರು. ಗೋಪಾಲಗೌಡರು ಇದ್ದಿದ್ದರೆ ಇವರ ಪ್ರಶ್ನೆಯನ್ನೂ ಸದನದಲ್ಲಿ ಕೇಳುತ್ತಿದ್ದರೆಂದು ನಂಬಲು ಕಾರಣಗಳಿವೆ. ಭೂಮಿಯ ಪ್ರಶ್ನೆ ಅಲ್ಲಿಗೆ ಮುಗಿದೂ ಇಲ್ಲ. 2020ರಲ್ಲಿ ಇದೇ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿ ತೆರೆಯಿತು. ಅದರ ಪರವಾಗಿಯೂ ವಿರುದ್ಧವಾಗಿಯೂ ನಾಡಿನಲ್ಲಿ ವಾದಗಳು ನಡೆದವು. ಎರಡು ಕಡೆಯ ವಾದವನ್ನೂ ನೀವು ತಿಳಿಯಬೇಕು.

ಹಾಗಾದರೆ ಆರಂಭದಲ್ಲಿ ಇಟ್ಟುಕೊಂಡ ಪ್ರಶ್ನೆಗೆ ಉತ್ತರವೇನು? ಅಧಿಕಾರವಿದ್ದವರು ಕಾನೂನು ಮಾಡಿದರು. ಅದಕ್ಕೆ ಸಲ್ಲಬೇಕಾದ ಕೀರ್ತಿ ಅವರಿಗೆ ಸಲ್ಲಲಿ. ಆದರೆ ಕಣದಲ್ಲಿ ಕೊಳಗ ಹಿಡಿದು ನಿಂತವನ ಸಂಕಟವನ್ನು ಸದನದ ಒಳಕ್ಕೆ ತಂದು, ಅದು ಮರೆತುಹೋಗದಂತೆ ಎರಡು ದಶಕಗಳ ಕಾಲ ಕಾದವರು ಬೇರೆ. ಅವರ ಕೆಲಸ ನಡೆಯದೆ ಇದ್ದಿದ್ದರೆ 1974ರಲ್ಲಿ ಕಾನೂನು ಮಾಡುವವರಿಗೆ ಅಷ್ಟು ಧೈರ್ಯವೂ ಬರುತ್ತಿರಲಿಲ್ಲ, ಅರ್ಜಿ ಹಾಕಲು ಗೇಣಿದಾರನ ಕೈಯೂ ಏಳುತ್ತಿರಲಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಸಣ್ಣ ಕೆಲಸ ಹೇಳಿ ಮುಗಿಸುತ್ತೇನೆ. ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ವಯಸ್ಸಾದ ಅಜ್ಜ ಅಜ್ಜಿ ಇದ್ದರೆ, ನಮ್ಮ ಊರಿನಲ್ಲಿ ಡಿಕ್ಲರೇಷನ್ ಹಾಕಿದವರು ಯಾರು, ಅದಕ್ಕೆ ಮೊದಲು ಗೇಣಿಯನ್ನು ಹೇಗೆ ಅಳೆಯುತ್ತಿದ್ದರು ಎಂದು ಕೇಳಿ. ಭೂಮಿ ಪಡೆದ ಮನೆಯವರನ್ನೂ ಕೇಳಿ, ಕಳೆದುಕೊಂಡ ಮನೆಯವರನ್ನೂ ಕೇಳಿ. ಜಮೀನಿನ ಪಹಣಿ ಇದ್ದರೆ ತೆಗೆದು, ಸಾಗುವಳಿದಾರರ ಹೆಸರು ಇರುವ ಕಾಲಂ ಓದಿ. ಕೇಳಿದ್ದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಆ ಕಾಲವನ್ನು ಕಣ್ಣಾರೆ ಕಂಡು ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಈ ಕೆಲಸವನ್ನು ಮುಂದಕ್ಕೆ ಹಾಕಬೇಡಿ.